ಮರಳುವ ದಾರಿ ಹಲವು, ಪರಿಣಾಮ ಬೇರೆ ಬೇರೆ: ವಿದೇಶದಲ್ಲಿ ವೀಸಾ ತಪ್ಪಿದವರಿಗೆ ಹೋಲಿಕೆಯ ಮಾರ್ಗದರ್ಶಿ

ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಗಲ್ಫಿಗೆ ಒಬ್ಬರನ್ನಾದರೂ ಕಳುಹಿಸದ ಊರು ಕಾಸರಗೋಡು ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಈಚೆಗೆ ಅದಕ್ಕೆ ಬ್ರಿಟನ್ನಿನ ಕೇರ್ ವೀಸಾ (ವೃದ್ಧರ, ಅಶಕ್ತರ ಆರೈಕೆಯ ಕೆಲಸಕ್ಕೆ ಕೊಡುವ ವೀಸಾ), ಜರ್ಮನಿಯ ನರ್ಸಿಂಗ್ ತರಬೇತಿ ಇತ್ಯಾದಿಗಳೂ ಸೇರಿಕೊಂಡಿವೆ. ಹೋಗುವುದು ಹೇಗೆ ಎಂದು ಹೇಳಿಕೊಡುವವರು ಕುಂಬಳೆಯಲ್ಲೂ ಉಪ್ಪಳದಲ್ಲೂ ಬೇಕಾದಷ್ಟು ಮಂದಿ ಇದ್ದಾರೆ. ವೀಸಾ ಮುಗಿದು, ಮಾಲೀಕ ಕೈಬಿಟ್ಟು, ಪಾಸ್‌ಪೋರ್ಟ್ ಎಲ್ಲಿದೆಯೆಂದೇ ತಿಳಿಯದೆ ಸಿಕ್ಕಿಕೊಂಡವರು ಮರಳುವುದು ಹೇಗೆ ಎಂದು ಕೇಳಿದರೆ ಮಾತ್ರ ಅವರೆಲ್ಲ ತಮ್ಮ ಪರಿಚಯದ ಯಾರೋ ಒಬ್ಬರು ಬಂದ ಕಥೆ ಹೇಳಿ ಸುಮ್ಮನಾಗುತ್ತಾರೆ. ಒಬ್ಬರು ಬಂದ ದಾರಿ ಇನ್ನೊಬ್ಬರಿಗೆ ಹೊಂದಬೇಕೆಂದಿಲ್ಲ. ಗಲ್ಫ್ ಸರಕಾರಗಳ ಕ್ಷಮಾದಾನ, ಭಾರತೀಯ ರಾಯಭಾರ ಕಚೇರಿ ಪಾಸ್‌ಪೋರ್ಟಿಗೆ ಬದಲಾಗಿ ಕೊಡುವ ಔಟ್‌ಪಾಸ್, ಯುರೋಪಿನ ಸರಕಾರಗಳು ಹಣ ಕೊಟ್ಟು ಕಳುಹಿಸುವ ನೆರವಿನ ಯೋಜನೆ, ಸ್ವಂತ ಟಿಕೆಟ್, ಕೊನೆಗೆ ಗಡೀಪಾರು, ಇವೆಲ್ಲವೂ ಕೊನೆಗೆ ಮಂಗಳೂರು ಅಥವಾ ಕಣ್ಣೂರು ವಿಮಾನ ನಿಲ್ದಾಣಕ್ಕೇ ತಂದು ಇಳಿಸುತ್ತವೆಯಾದರೂ, ಇಳಿದವರ ಹೆಸರಿನ ಮುಂದೆ ಬರೆದುಹೋಗುವ ದಾಖಲೆ ಒಂದೊಂದರಲ್ಲೂ ಬೇರೆ.

ಹೋಲಿಕೆಯನ್ನು ಟಿಕೆಟಿನಿಂದ ಆರಂಭಿಸುವುದೇ ತಪ್ಪೆಂದು ನನ್ನ ಅಭಿಪ್ರಾಯ. ಯಾರು ಟಿಕೆಟ್ ಕೊಡುತ್ತಾರೆ, ಯಾರು ಕೈಗೆ ದುಡ್ಡು ಕೊಡುತ್ತಾರೆ ಎಂಬುದೇ ಮನೆಯವರ ಮೊದಲ ಪ್ರಶ್ನೆಯಾಗಿರುತ್ತದೆ. ಆದರೆ ಈ ಇಡೀ ವ್ಯವಹಾರದಲ್ಲಿ ಅತಿ ಕಡಿಮೆ ಬೆಲೆಯದ್ದು ಟಿಕೆಟೇ. ಮತ್ತೆ ಆ ದೇಶಕ್ಕೆ ಹೋಗಲು ಎಷ್ಟು ವರ್ಷ ನಿಷೇಧ ಬೀಳುತ್ತದೆ, ಬಾಕಿ ಸಂಬಳದ ಹಕ್ಕು ಉಳಿಯುತ್ತದೆಯೇ, ಅಲ್ಲಿನ ಸಾಲ ಮತ್ತು ಕೇಸುಗಳು ಮುಗಿಯುತ್ತವೆಯೇ, ಊರಿನಲ್ಲಿ ಸಿಗಬೇಕಾದ ಪುನರ್ವಸತಿ ನೆರವಿಗೆ ಬೇಕಾದ ಕಾಗದ ಕೈಯಲ್ಲಿ ಇರುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ಟಿಕೆಟಿನ ಮಾತು ಬರಬೇಕು.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಕೇಳುವ ಪ್ರಶ್ನೆಗಳು

ವ್ಯತ್ಯಾಸ ಎಲ್ಲಿದೆಯೆಂದು ನೋಡಲು ದೂರ ಹೋಗಬೇಕಾಗಿಲ್ಲ. ನಮ್ಮದೇ ಪಾಸ್‌ಪೋರ್ಟ್ ಅರ್ಜಿಯನ್ನು ತೆರೆದು, ‘ಇತರ ವಿವರಗಳು’ ಎಂಬ ಭಾಗವನ್ನು ಓದಿದರೆ ಸಾಕು. ತುರ್ತು ಪ್ರಮಾಣಪತ್ರದ, ಅಂದರೆ ಔಟ್‌ಪಾಸಿನ, ಮೇಲೆ ಎಂದಾದರೂ ಭಾರತಕ್ಕೆ ಮರಳಿದ್ದೀರಾ ಎಂಬುದು ಅಲ್ಲಿ ಒಂದು ಪ್ರಶ್ನೆ. ಯಾವುದಾದರೂ ದೇಶದಿಂದ ಗಡೀಪಾರಾಗಿದ್ದೀರಾ ಎಂಬುದು ಇನ್ನೊಂದು. ಸರಕಾರದ ಖರ್ಚಿನಲ್ಲಿ ಸ್ವದೇಶಕ್ಕೆ ಕರೆತರಲ್ಪಟ್ಟಿದ್ದೀರಾ ಎಂಬುದು ಮೂರನೆಯದು. ವಿದೇಶದಲ್ಲಿ ರಾಜಕೀಯ ಆಶ್ರಯಕ್ಕೆ ಅರ್ಜಿ ಹಾಕಿದ್ದೀರಾ ಅಥವಾ ಅದನ್ನು ಪಡೆದಿದ್ದೀರಾ ಎಂಬುದಕ್ಕೂ ಪ್ರತ್ಯೇಕ ಪ್ರಶ್ನೆ ಇದೆ. ಒಂದೇ ವಿಮಾನದಲ್ಲಿ ಬಂದ ನಾಲ್ವರಲ್ಲಿ ಒಬ್ಬನು ಎಲ್ಲದಕ್ಕೂ ‘ಇಲ್ಲ’ ಎಂದು ಬರೆಯಬಹುದು, ಇನ್ನೊಬ್ಬನು ಒಂದಕ್ಕೆ ‘ಹೌದು’ ಎನ್ನಬೇಕಾಗಬಹುದು, ಮತ್ತೊಬ್ಬನು ಮೂರಕ್ಕೆ ‘ಹೌದು’ ಎನ್ನಬೇಕಾಗಬಹುದು. ‘ಹೌದು’ ಎಂದ ಮಾತ್ರಕ್ಕೆ ಪಾಸ್‌ಪೋರ್ಟ್ ಸಿಗುವುದಿಲ್ಲವೆಂದಲ್ಲ, ವಿವರ ಕೊಡಬೇಕಾಗುತ್ತದೆ ಅಷ್ಟೆ. ಆದರೆ ಸುಳ್ಳು ಬರೆದರೆ ಅದು 1967ರ ಪಾಸ್‌ಪೋರ್ಟ್ ಕಾಯಿದೆಯ ಪ್ರಕಾರ ಅಪರಾಧ. ಇದೇ ಕಾಯಿದೆಯ 6ನೇ ವಿಧಿಯಲ್ಲಿ, ಸರಕಾರದ ಖರ್ಚಿನಲ್ಲಿ ಕರೆತಂದವರು ಆ ಖರ್ಚನ್ನು ಮರಳಿಸದಿದ್ದರೆ ಪಾಸ್‌ಪೋರ್ಟ್ ನಿರಾಕರಿಸಲು ಅವಕಾಶವಿದೆ. ಆದ್ದರಿಂದ ರಾಯಭಾರ ಕಚೇರಿ ಟಿಕೆಟ್ ಕೊಡುವಾಗ ಅದು ನೆರವೋ ಮರಳಿಸಬೇಕಾದ ಮೊತ್ತವೋ ಎಂದು ಕೇಳಿ, ಸಹಿ ಹಾಕುವ ಕಾಗದದಲ್ಲಿ ಏನಿದೆಯೆಂದು ಓದಿಸಿಕೊಂಡು, ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು.

ಗಲ್ಫ್: ಕ್ಷಮಾದಾನಕ್ಕೆ ಕಾಯುವುದೋ, ಈಗಲೇ ಹೊರಡುವುದೋ

ನಮ್ಮ ಕಡೆ ಮಲಯಾಳದ ‘ಪೊದುಮಾಪ್ಪ್’ ಎಂಬ ಹೆಸರಿನಲ್ಲೇ ಪರಿಚಿತವಾಗಿರುವ ಸಾರ್ವಜನಿಕ ಕ್ಷಮಾದಾನವು ಗಲ್ಫ್ ರಾಷ್ಟ್ರಗಳಲ್ಲಿ ಆಗಾಗ ಬರುತ್ತದೆ, ಆದರೆ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಸೌದಿ ಅರೇಬಿಯಾದಲ್ಲಿ 2013ರಲ್ಲಿ, ಸ್ಥಳೀಯರಿಗೆ ಇಂತಿಷ್ಟು ಕೆಲಸ ಕೊಡಬೇಕೆಂಬ ನಿತಾಖತ್ ನಿಯಮದ ಕಾಲದ ರಿಯಾಯಿತಿ ಅವಧಿ ಜುಲೈ 3ರಿಂದ ನವೆಂಬರ್ 3ರವರೆಗೆ ವಿಸ್ತರಣೆಯಾಯಿತು. ಅನಂತರ 2017ರ ಮಾರ್ಚ್ ಕೊನೆಯಲ್ಲಿ 90 ದಿನಗಳ ಕ್ಷಮಾದಾನ ಬಂತು. ಯುಎಇಯಲ್ಲಿ 2018ರಲ್ಲಿ ಒಮ್ಮೆ ಬಂದು, ಬಳಿಕ 2024ರ ಸೆಪ್ಟೆಂಬರ್ 1ರಿಂದ ಎರಡು ತಿಂಗಳಿಗೆಂದು ಘೋಷಣೆಯಾಗಿ ಡಿಸೆಂಬರ್ 31ರವರೆಗೆ ಮುಂದುವರಿಯಿತು. ಕುವೈತಿನಲ್ಲಿ 2018, 2020 ಮತ್ತು 2024ರಲ್ಲಿ ಬಂತು. ಕತಾರಿನಲ್ಲಿ 2016ರಲ್ಲಿ ಮೂರು ತಿಂಗಳಿತ್ತು. ಎರಡು ಕ್ಷಮಾದಾನಗಳ ನಡುವೆ ಎರಡು ವರ್ಷವೂ ಆಗಬಹುದು, ಆರು ವರ್ಷವೂ ಆಗಬಹುದು ಎಂಬುದು ಈ ದಿನಾಂಕಗಳಿಂದ ಸ್ಪಷ್ಟವಾಗುತ್ತದೆ.

ಸಿಕ್ಕಿದರೆ ಕ್ಷಮಾದಾನದಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಯುಎಇಯ 2024ರ ಕ್ಷಮಾದಾನದಲ್ಲಿ ಅವಧಿ ಮೀರಿ ಉಳಿದ ದಂಡವನ್ನು ಪೂರ್ತಿ ಮನ್ನಾ ಮಾಡಲಾಯಿತು, ಹೊರಹೋದವರಿಗೆ ಮರುಪ್ರವೇಶದ ನಿಷೇಧ ಹಾಕಲಿಲ್ಲ, ಹೊರಹೋಗಲು ಇಷ್ಟವಿಲ್ಲದವರಿಗೆ ಹೊಸ ಮಾಲೀಕನ ಮೂಲಕ ವೀಸಾ ಸರಿಪಡಿಸಿಕೊಂಡು ಅಲ್ಲೇ ಉಳಿಯಲೂ ಅವಕಾಶವಿತ್ತು. ಎಲ್ಲ ಕ್ಷಮಾದಾನಗಳೂ ಇಷ್ಟು ಉದಾರವಾಗಿರುವುದಿಲ್ಲ. ಯುಎಇಯಲ್ಲೇ 2018ರಲ್ಲಿ, ದಾಖಲೆಯಿಲ್ಲದೆ ಗಡಿ ದಾಟಿ ಬಂದವರಿಗೆ ಎರಡು ವರ್ಷಗಳ ನಿಷೇಧವಿತ್ತು. ಕುವೈತಿನಲ್ಲಿ 2024ರಲ್ಲಿ ಹೊರಡುವವರಿಗೆ ದಂಡವಿರಲಿಲ್ಲ, ಉಳಿಯಲು ಬಯಸಿದವರು ಗರಿಷ್ಠ 600 ದಿನಾರ್ ಕಟ್ಟಬೇಕಿತ್ತು. ಕುವೈತಿನ 2020ರ ಏಪ್ರಿಲ್ ಕ್ಷಮಾದಾನದಲ್ಲಿ ಅಲ್ಲಿನ ಸರಕಾರವೇ ಟಿಕೆಟ್ ಕೊಡಲು ಸಿದ್ಧವಿತ್ತು. ಆದರೆ ಭಾರತದಲ್ಲಿ ಲಾಕ್‌ಡೌನ್ ಇದ್ದುದರಿಂದ ವಿಮಾನ ಇಳಿಯಲು ಅನುಮತಿ ಸಿಗದೆ, ಹೆಸರು ಕೊಟ್ಟವರು ಶಿಬಿರಗಳಲ್ಲೇ ಕಾಯಬೇಕಾಯಿತು.

ಹಾಗಾದರೆ ಈಗ ‘ಖಲ್ಲಿವಲ್ಲಿ’ಯಾಗಿ, ಅಂದರೆ ಕಾಗದವಿಲ್ಲದೆ, ದುಡಿಯುತ್ತಿರುವವರು ಮುಂದಿನ ಕ್ಷಮಾದಾನಕ್ಕೆ ಕಾಯಬೇಕೇ? ಲೆಕ್ಕ ಹಾಕಿ ನೋಡಿದರೆ ಬಹುತೇಕ ಸಂದರ್ಭಗಳಲ್ಲಿ ಬೇಡವೆಂದೇ ಹೇಳಬೇಕಾಗುತ್ತದೆ. ಯುಎಇಯಲ್ಲಿ ಅವಧಿ ಮೀರಿದ ದಿನವೊಂದಕ್ಕೆ 50 ದಿರ್ಹಮ್ ದಂಡ. ಆರು ತಿಂಗಳಿಗೆ ಸುಮಾರು 9,000, ಒಂದು ವರ್ಷಕ್ಕೆ 18,250 ದಿರ್ಹಮ್, ಅಂದರೆ ನಾಲ್ಕು ಲಕ್ಷ ರೂಪಾಯಿ ಮೀರುತ್ತದೆ. ಒಂದೆರಡು ತಿಂಗಳು ಮಾತ್ರ ಮೀರಿದ್ದರೆ ದಂಡ ಕಟ್ಟಿ, ನಿಷೇಧವಿಲ್ಲದೆ ಸ್ವಂತ ಟಿಕೆಟಿನಲ್ಲಿ ಬರುವುದು ಲಾಭದ ದಾರಿ. ಎರಡು ಮೂರು ವರ್ಷ ಮೀರಿದವರಿಗೆ ಆ ಮೊತ್ತ ಕೈಗೆಟುಕುವುದಿಲ್ಲ. ಅವರು ದಂಡ ಕಡಿತಕ್ಕೆ ಮಾನವೀಯ ಆಧಾರದ ಅರ್ಜಿ ಸಲ್ಲಿಸಿ, ಕಾನ್ಸುಲೇಟಿನ ನೆರವು ಕೇಳಬೇಕಾಗುತ್ತದೆ. ಕಾಯಿಲೆ ಬಿದ್ದವರು, ಗರ್ಭಿಣಿಯರು, ಅಲ್ಲೇ ಹುಟ್ಟಿ ಯಾವ ದಾಖಲೆಯೂ ಇಲ್ಲದ ಮಕ್ಕಳಿರುವ ಕುಟುಂಬಗಳು ಕ್ಷಮಾದಾನಕ್ಕೆಂದು ಒಂದು ದಿನವೂ ಕಾಯಬಾರದು. ಕಾಯುವವರು ಮರೆಯುವ ಇನ್ನೊಂದು ವಿಷಯವೆಂದರೆ, ಘೋಷಣೆಯಾಗುವ ಮೊದಲೇ ಸಿಕ್ಕಿಬಿದ್ದರೆ ಕ್ಷಮಾದಾನ ಅವರಿಗಲ್ಲ, ಅವರ ಪಾಲಿಗೆ ಉಳಿಯುವುದು ಗಡೀಪಾರು ಮಾತ್ರ.

ಕ್ಷಮಾದಾನವು ಮನ್ನಾ ಮಾಡುವುದು ವಲಸೆ ಕಾನೂನಿನ ತಪ್ಪನ್ನು ಮಾತ್ರ. ಬ್ಯಾಂಕ್ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ, ಬಾಡಿಗೆಯ ಕೇಸು, ಪೊಲೀಸ್ ಕೇಸು ಇವು ಯಾವುವೂ ಅದರಿಂದ ತೊಲಗುವುದಿಲ್ಲ. ಸಾಲದ ಕೇಸಿನಲ್ಲಿ ಪ್ರಯಾಣ ನಿಷೇಧ ಬಿದ್ದಿದ್ದರೆ ಹೊರಹೋಗುವ ಪರವಾನಗಿ ಕೈಯಲ್ಲಿದ್ದರೂ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ. ಊರಿಗೆ ಬಂದುಬಿಟ್ಟರೆ ಬ್ಯಾಂಕಿನವರು ಏನು ಮಾಡಿಯಾರು ಎಂಬ ಹಳೆಯ ಧೈರ್ಯವೂ ಈಗ ನಡೆಯುವುದಿಲ್ಲ. 2020ರ ಜನವರಿಯಲ್ಲಿ ಭಾರತ ಸರಕಾರವು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ವಿಧಿಯಡಿ ಯುಎಇಯನ್ನು ಪರಸ್ಪರ ಮಾನ್ಯತೆಯ ಪ್ರದೇಶವೆಂದು ಘೋಷಿಸಿದ ಮೇಲೆ, ದುಬೈ ನ್ಯಾಯಾಲಯದ ಹಣದ ಡಿಕ್ರಿಯನ್ನು ಕಾಸರಗೋಡಿನ ಜಿಲ್ಲಾ ನ್ಯಾಯಾಲಯದಲ್ಲಿ, ಇಲ್ಲಿಯದೇ ಡಿಕ್ರಿಯಂತೆ, ಜಾರಿಗೆ ಕೇಳಬಹುದು. ಸಾಲವಿರುವವರು ಹೊರಡುವ ಮೊದಲು ಬ್ಯಾಂಕಿನೊಡನೆ ಮಾತಾಡಿ ಕಂತಿನ ಒಪ್ಪಂದವನ್ನು ಲಿಖಿತವಾಗಿ ಪಡೆಯುವುದು, ಬಂದ ಮೇಲೆ ಅಡಿಕೆ ತೋಟದ ಮೇಲೆ ನೋಟಿಸು ಬರುವುದಕ್ಕಿಂತ ಮೇಲು.

ಬಾಕಿ ಸಂಬಳದ ವಿಚಾರ ಇದರ ಇನ್ನೊಂದು ಮಗ್ಗುಲು. ಯುಎಇಯ ಕಾರ್ಮಿಕ ಕಾನೂನಿನ ಪ್ರಕಾರ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಅನಂತರದ ವರ್ಷಗಳಿಗೆ 30 ದಿನಗಳ ಮೂಲವೇತನವು ಗ್ರಾಚ್ಯುಯಿಟಿಯಾಗಿ ಬರಬೇಕು. ಊರಿಗೆ ಹೊರಡುವ ಆತುರದಲ್ಲಿ ‘ಎಲ್ಲ ಲೆಕ್ಕ ಚುಕ್ತಾ’ ಎಂಬ ಅರಬಿ ಕಾಗದಕ್ಕೆ ಹೆಬ್ಬೆಟ್ಟೊತ್ತಿ ಬಂದವರಿಗೆ ಅದು ಮತ್ತೆ ಸಿಗುವುದಿಲ್ಲ. ದೂರು ಕೊಟ್ಟು ಕಾಯಲು ಆಗದಿದ್ದರೆ, ಅಲ್ಲಿ ಉಳಿಯುವ ನಂಬಿಗಸ್ತ ಸಂಬಂಧಿಕರ ಹೆಸರಿಗೆ ಅಧಿಕಾರಪತ್ರ ಬರೆದು, ಕಾನ್ಸುಲೇಟಿನಲ್ಲಿ ದೃಢೀಕರಿಸಿಕೊಂಡು ಬರಬೇಕು.

ಔಟ್‌ಪಾಸ್ ಮತ್ತು ರಾಯಭಾರ ಕಚೇರಿಯ ನೆರವು

ಪಾಸ್‌ಪೋರ್ಟ್ ಕಳೆದುಹೋದವರಿಗೆ, ಅವಧಿ ಮುಗಿದವರಿಗೆ, ಮಾಲೀಕ ಅದನ್ನು ಹಿಡಿದಿಟ್ಟುಕೊಂಡು ಕೊಡದಿದ್ದವರಿಗೆ ಭಾರತೀಯ ರಾಯಭಾರ ಕಚೇರಿ ತುರ್ತು ಪ್ರಮಾಣಪತ್ರ ಕೊಡುತ್ತದೆ. ಗಲ್ಫಿನವರು ಔಟ್‌ಪಾಸ್ ಎನ್ನುವುದು ಇದನ್ನೇ. ಇದು ಭಾರತಕ್ಕೆ ಒಂದೇ ಬಾರಿಯ, ಒಂದೇ ದಿಕ್ಕಿನ ಪ್ರಯಾಣಕ್ಕೆ ಮಾತ್ರ. ಅದು ಪಾಸ್‌ಪೋರ್ಟಿನ ಕೊರತೆಯನ್ನು ತುಂಬುತ್ತದೆಯೇ ಹೊರತು, ದಂಡವನ್ನಾಗಲಿ ಕೇಸನ್ನಾಗಲಿ ಮುಟ್ಟುವುದಿಲ್ಲ. ಆ ದೇಶದ ವಲಸೆ ಇಲಾಖೆಯಿಂದ ಹೊರಹೋಗುವ ಅನುಮತಿಯನ್ನು ಬೇರೆಯಾಗಿಯೇ ಪಡೆಯಬೇಕು. ಔಟ್‌ಪಾಸ್ ಸಿಕ್ಕಿತೆಂದರೆ ಎಲ್ಲ ಮುಗಿಯಿತು ಎಂದು ಮನೆಯವರು ತಿಳಿದುಕೊಳ್ಳುವುದು ಈ ವ್ಯತ್ಯಾಸ ಗೊತ್ತಿಲ್ಲದೆ.

ಈ ದಾರಿಯಲ್ಲಿ ಸಮಯ ಹಿಡಿಯುವುದು ಪೌರತ್ವದ ಪರಿಶೀಲನೆಗೆ. ಹಳೆಯ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟಗಳ ಜೆರಾಕ್ಸ್ ಇದ್ದರೆ ಕೆಲಸ ಬೇಗ ಆಗುತ್ತದೆ. ಇಲ್ಲದಿದ್ದರೆ ವಿಚಾರಣೆ ಪಾಸ್‌ಪೋರ್ಟ್ ಕೊಟ್ಟ ಕಚೇರಿಗೂ ಊರಿನ ಪೊಲೀಸರಿಗೂ ಹೋಗಿ ಬರಬೇಕು. ಕಾಸರಗೋಡು ಜಿಲ್ಲೆಯ ವಿಳಾಸದ ಪಾಸ್‌ಪೋರ್ಟುಗಳು ಕೋಝಿಕ್ಕೋಡಿನ ಪ್ರಾದೇಶಿಕ ಕಚೇರಿಯವು; ಮಂಗಳೂರಿನ ವಿಳಾಸ ಕೊಟ್ಟು ಮಾಡಿಸಿಕೊಂಡವರದ್ದು ಬೆಂಗಳೂರಿನದ್ದು. ಕೇರಳ-ಕರ್ನಾಟಕ ಗಡಿಯ ಎರಡೂ ಬದಿಯಲ್ಲಿ ಮನೆಯಿರುವ ನಮ್ಮಂಥವರಲ್ಲಿ, ತಲಪಾಡಿಯ ಆಚೆ ಬಾಡಿಗೆ ಮನೆಯಲ್ಲಿದ್ದಾಗ ಮಾಡಿಸಿದ ಪಾಸ್‌ಪೋರ್ಟ್, ಈಚೆ ವರ್ಕಾಡಿಯಲ್ಲಿ ರೇಷನ್ ಕಾರ್ಡ್ ಎಂಬ ಸ್ಥಿತಿ ಅಪರೂಪವಲ್ಲ. ಪೊಲೀಸರು ಯಾವ ವಿಳಾಸಕ್ಕೆ ಬರುತ್ತಾರೆ, ಅಲ್ಲಿ ಈಗ ಯಾರಿದ್ದಾರೆ ಎಂಬುದನ್ನು ಮನೆಯವರು ಮೊದಲೇ ವಿಚಾರಿಸಿಟ್ಟುಕೊಂಡರೆ ಮರಳುವವರ ಕಾಯುವಿಕೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಹಣದ ನೆರವಿಗೆ 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಸಂಕಷ್ಟದಲ್ಲಿರುವವರ ತಾತ್ಕಾಲಿಕ ವಸತಿ, ಊಟ, ಊರಿಗೆ ಬರುವ ವಿಮಾನ ಟಿಕೆಟ್, ತುರ್ತು ಚಿಕಿತ್ಸೆ, ಕಾನೂನು ನೆರವು, ಸಣ್ಣ ಮೊತ್ತದ ದಂಡ ಮೊದಲಾದವುಗಳಿಗೆ ರಾಯಭಾರ ಕಚೇರಿಗಳು ಇದನ್ನು ಬಳಸಬಹುದು. ಆರ್ಥಿಕ ಸ್ಥಿತಿಯನ್ನು ನೋಡಿ ಕೊಡುವ ನೆರವು ಇದು, ಕೇಳಿದವರಿಗೆಲ್ಲ ಸಿಗುವುದಲ್ಲ. ದುಬೈ, ರಿಯಾದ್, ಜೆದ್ದಾ ಮತ್ತು ಕೌಲಾಲಂಪುರಗಳಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಗಳಿವೆ. ಮನೆಯವರು ಊರಿನಿಂದಲೇ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆಯನ್ನು ಅಲ್ಲಿರುವವರಿಗೆ ಕಳುಹಿಸಬಹುದು. ಹಾಗೆ ಒಂದು ಸಂಖ್ಯೆ ಇದ್ದರೆ ಕಚೇರಿಯ ಕಿಟಕಿಯಲ್ಲಿ ಮಾತು ಸುಲಭವಾಗುತ್ತದೆ. ವಲಸೆ ಅನುಮತಿ ಪಡೆದು ಹೋದ ಕಾರ್ಮಿಕರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿ ವಿಮೆಯೂ ಇರುತ್ತದೆ. ಅದರ ಕಾಗದವನ್ನು ಮನೆಯ ಕಪಾಟಿನಲ್ಲಿ ಹುಡುಕಿ ನೋಡುವುದು ಒಳ್ಳೆಯದು, ಏಕೆಂದರೆ ಅನಾರೋಗ್ಯದ ಕಾರಣ ಮಾಲೀಕ ಕೆಲಸದಿಂದ ತೆಗೆದ ಕೆಲವು ಸಂದರ್ಭಗಳಲ್ಲಿ ಟಿಕೆಟಿನ ವೆಚ್ಚವೂ ಅದರಲ್ಲಿ ಬರುತ್ತದೆ.

ಸೌದಿಯಲ್ಲಿ ‘ಹುರೂಬ್’ ಬಿದ್ದವರ, ಅಂದರೆ ಓಡಿಹೋಗಿದ್ದಾನೆಂದು ಕಫೀಲ್ (ವೀಸಾ ಕೊಟ್ಟ ಮಾಲೀಕ) ದೂರು ಕೊಟ್ಟವರ, ಪರಿಸ್ಥಿತಿ ಎಲ್ಲರಿಗಿಂತ ಕಷ್ಟದ್ದು. ಅವರಿಗೆ ಕಫೀಲ್ ಮೂಲಕ ಫೈನಲ್ ಎಕ್ಸಿಟ್, ಅಂದರೆ ಕೆಲಸ ಬಿಟ್ಟು ದೇಶದಿಂದ ಹೊರಹೋಗುವ ಅನುಮತಿ, ಸಿಗುವುದಿಲ್ಲ. ಗಡೀಪಾರಿನ ಬೆರಳಚ್ಚು ಬಿದ್ದರೆ ಮತ್ತೆ ಅಲ್ಲಿಗೆ ಕೆಲಸಕ್ಕೆ ಹೋಗುವ ಆಸೆ ಬಿಡಬೇಕಾಗುತ್ತದೆ. 2017ರ ಕ್ಷಮಾದಾನದಲ್ಲಿ ಈ ಬೆರಳಚ್ಚಿನ ಪರಿಣಾಮದಿಂದ ವಿನಾಯಿತಿ ಕೊಟ್ಟದ್ದೇ ಅದರ ದೊಡ್ಡ ಆಕರ್ಷಣೆಯಾಗಿತ್ತು. ಹುರೂಬ್ ಸುಳ್ಳೆಂದು ತೋರಿಸುವ ಸಂಬಳದ ಸ್ಲಿಪ್ಪು, ವಾಟ್ಸಾಪ್ ಸಂದೇಶ, ಕೆಲಸದ ಸ್ಥಳದ ಚಿತ್ರ ಏನಿದ್ದರೂ ತೆಗೆದಿಟ್ಟು, ರಾಯಭಾರ ಕಚೇರಿಯ ಮೂಲಕ ಕಾರ್ಮಿಕ ಕಚೇರಿಯಲ್ಲಿ ದೂರು ಕೊಡುವ ಪ್ರಯತ್ನವನ್ನು ಮೊದಲು ಮಾಡಬೇಕು.

ಬ್ರಿಟನ್: ಹಣ ಬೇಕೋ, ವರ್ಷಗಳು ಬೇಕೋ

ಗಲ್ಫಿನಲ್ಲಿ ಸರಕಾರ ತಪ್ಪನ್ನು ಕ್ಷಮಿಸಿ ಕಳುಹಿಸುತ್ತದೆ. ಯುರೋಪಿನಲ್ಲಿ ಹಣ ಕೊಟ್ಟು ಕಳುಹಿಸುತ್ತದೆ. ಬ್ರಿಟನ್ನಿನಲ್ಲಿ ಗೃಹ ಇಲಾಖೆಯೇ ನಡೆಸುವ ಸ್ವಯಂ ಮರಳುವಿಕೆಯ ಸೇವೆಯು ವೀಸಾ ಮೀರಿ ಉಳಿದವರಿಗೂ ಆಶ್ರಯದ ಅರ್ಜಿ ಹಾಕಿದವರಿಗೂ ಟಿಕೆಟ್ ಮತ್ತು ಪ್ರಯಾಣದ ದಾಖಲೆ ಮಾಡಿಸಿಕೊಡುತ್ತದೆ. ಅರ್ಹರಾದ ಕೆಲವರಿಗೆ 3,000 ಪೌಂಡ್‌ವರೆಗೂ ಹಣ ಕೊಡುತ್ತದೆ. ಆ ಹಣ ಒಂದು ಕಾರ್ಡಿನಲ್ಲಿ ಬರುತ್ತದೆ, ಅದನ್ನು ಬಳಸುವುದು ಊರಿಗೆ ಬಂದ ಮೇಲೆ. ಪೊಲೀಸ್ ತನಿಖೆಯಲ್ಲಿರುವವರಿಗೆ, ವಲಸೆ ಇಲಾಖೆಯ ಬಂಧನದಲ್ಲಿರುವವರಿಗೆ ಈ ಸೇವೆ ಇಲ್ಲ. ಬಾಕಿಯಿದ್ದ ಯಾವುದೇ ಅರ್ಜಿ, ಆಶ್ರಯದ್ದೂ ಸೇರಿ, ಹೊರಟ ಕೂಡಲೇ ಹಿಂದೆಗೆದುಕೊಂಡಂತೆ.

ಇಲ್ಲಿ ಹೋಲಿಸಬೇಕಾದದ್ದು ನಿಷೇಧದ ವರ್ಷಗಳನ್ನು. ಬ್ರಿಟನ್ನಿನ ವಲಸೆ ನಿಯಮಗಳ ಪ್ರಕಾರ 30 ದಿನಗಳೊಳಗೆ ಮೀರಿ, ಸ್ವಂತ ಖರ್ಚಿನಲ್ಲಿ ಹೊರಟವರಿಗೆ ಮೀರಿದ ಕಾರಣಕ್ಕೆ ನಿಷೇಧವೇ ಇಲ್ಲ. ಅದಕ್ಕಿಂತ ಹೆಚ್ಚು ಮೀರಿದವರು ಸ್ವಂತ ಖರ್ಚಿನಲ್ಲಿ ತಾವಾಗಿ ಹೊರಟರೆ 12 ತಿಂಗಳು. ಸರಕಾರದ ಖರ್ಚಿನಲ್ಲಿ ತಾವಾಗಿ ಹೊರಟರೆ, ಹೊರಹೋಗಬೇಕೆಂಬ ನೋಟಿಸು ಸಿಕ್ಕಿದ ಆರು ತಿಂಗಳೊಳಗೆ ಆದರೆ ಎರಡು ವರ್ಷ, ತಡವಾದರೆ ಐದು ವರ್ಷ. ಸರಕಾರದ ಖರ್ಚಿನಲ್ಲಿ ಹೊರಹಾಕಲ್ಪಟ್ಟರೆ ಹತ್ತು ವರ್ಷ. ಅರ್ಜಿಯಲ್ಲಿ ಮೋಸ ಮಾಡಿದವರಿಗೂ ಹತ್ತು ವರ್ಷವೇ. ಅಂದರೆ ಎಂಟು ತಿಂಗಳು ಮೀರಿದ ಒಬ್ಬ ಯುವಕ ಸರಕಾರದ ಟಿಕೆಟ್ ತೆಗೆದುಕೊಂಡು ಉಳಿಸುವುದು ಸುಮಾರು ಅರ್ಧ ಲಕ್ಷ ರೂಪಾಯಿ. ಅದಕ್ಕೆ ಬದಲಾಗಿ ಅವನು ಬಿಟ್ಟುಕೊಡುವುದು ಕನಿಷ್ಠ ಇನ್ನೊಂದು ವರ್ಷ, ಹೆಚ್ಚೆಂದರೆ ನಾಲ್ಕು ವರ್ಷ. ಮುಂದೆ ನರ್ಸಿಂಗಿಗೋ ಓದಿಗೋ ಬ್ರಿಟನ್ನಿಗೆ ಹೋಗುವ ಮನಸ್ಸಿದ್ದರೆ ಸಾಲ ಮಾಡಿಯಾದರೂ ಸ್ವಂತ ಟಿಕೆಟಿನಲ್ಲಿ ಬರುವುದೇ ಸರಿ. ಇನ್ನು ಆ ಕಡೆ ತಲೆಹಾಕುವುದಿಲ್ಲ ಎಂದು ನಿಶ್ಚಯಿಸಿದ, ಮಕ್ಕಳೊಂದಿಗಿರುವ ಕುಟುಂಬಕ್ಕೆ ಅಥವಾ ಆರೋಗ್ಯ ಕೆಟ್ಟವರಿಗೆ ಹಣದ ನೆರವಿನ ದಾರಿ ನಿಜವಾಗಿಯೂ ಉಪಕಾರದ್ದು, ಅವರು ಸಂಕೋಚಪಡಬೇಕಾಗಿಲ್ಲ.

ಕೇರ್ ವೀಸಾದಲ್ಲಿ ಹೋಗಿ, ಕರೆಸಿಕೊಂಡ ಸಂಸ್ಥೆಯ ಪರವಾನಗಿಯೇ ರದ್ದಾದವರಿಗೆ ಗೃಹ ಇಲಾಖೆ ಸಾಮಾನ್ಯವಾಗಿ 60 ದಿನ ಕೊಡುತ್ತದೆ. ಆ ಅವಧಿಯಲ್ಲಿ ಹೊಸ ಸಂಸ್ಥೆ ಸಿಗದಿದ್ದರೆ, ಅದು ಮುಗಿಯುವುದರೊಳಗೆ ಹೊರಟುಬಿಟ್ಟವರ ದಾಖಲೆ ಪೂರ್ತಿ ಸ್ವಚ್ಛವಾಗಿ ಉಳಿಯುತ್ತದೆ. ಆ ಹಂತದಲ್ಲಿ ಕೆಲವು ಏಜೆಂಟರು ಕೊಡುವ ಸಲಹೆಯೆಂದರೆ ಆಶ್ರಯದ ಅರ್ಜಿ ಹಾಕಿ ಸಮಯ ಗಿಟ್ಟಿಸುವುದು. ಜೀವಭಯ ಇಲ್ಲದವರು ಈ ಮಾತಿಗೆ ಕಿವಿಗೊಡಬಾರದು. ಅರ್ಜಿ ತಿರಸ್ಕೃತವಾಗುವವರೆಗೆ ಒಂದಷ್ಟು ತಿಂಗಳು ಸಿಗಬಹುದು, ಆದರೆ ಸುಳ್ಳು ಹೇಳಿಕೆಯ ದಾಖಲೆಯೂ ನಮ್ಮ ಪಾಸ್‌ಪೋರ್ಟ್ ಅರ್ಜಿಯಲ್ಲಿನ ರಾಜಕೀಯ ಆಶ್ರಯದ ಪ್ರಶ್ನೆಗೆ ಉತ್ತರವೂ ಆಯುಷ್ಯಪೂರ್ತಿ ಉಳಿಯುತ್ತವೆ. ಬ್ರಿಟನ್ ಈಗ ಯುರೋಪಿಯನ್ ಒಕ್ಕೂಟದಲ್ಲಿಲ್ಲ; ಆದರೂ ಆ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ 2025ರ ಏಪ್ರಿಲ್‌ನಲ್ಲಿ ಪ್ರಸ್ತಾಪಿಸಿದ ಸುರಕ್ಷಿತ ಮೂಲದೇಶಗಳ ಪಟ್ಟಿಯಲ್ಲಿ ಭಾರತದ ಹೆಸರೂ ಇರುವುದರಿಂದ, ಅಂಥ ಅರ್ಜಿಗಳನ್ನು ಆ ಕಡೆಯ ಅಧಿಕಾರಿಗಳು ಯಾವ ದೃಷ್ಟಿಯಿಂದ ನೋಡುತ್ತಾರೆಂದು ಊಹಿಸುವುದು ಕಷ್ಟವಲ್ಲ. ಇದಕ್ಕೆ ವಿರುದ್ಧವಾಗಿ, ನಿಜವಾದ ಅಪಾಯವಿರುವವರು ಹಣದ ಆಸೆಗಾಗಲಿ ಒತ್ತಡಕ್ಕಾಗಲಿ ಮರಳುವ ಕಾಗದಕ್ಕೆ ಸಹಿ ಹಾಕುವ ಮೊದಲು ವಕೀಲರನ್ನು ಕಾಣಲೇಬೇಕು, ಏಕೆಂದರೆ ಸಹಿ ಹಾಕಿ ಹೊರಟ ಮೇಲೆ ಹಳೆಯ ಅರ್ಜಿಗೆ ಜೀವ ಇರುವುದಿಲ್ಲ.

ಜರ್ಮನಿ, ಅಮೆರಿಕ, ಮಲೇಷ್ಯಾ

ಯುರೋಪಿಯನ್ ಒಕ್ಕೂಟದ 2008ರ ಮರಳುವಿಕೆ ನಿರ್ದೇಶನದ ಪ್ರಕಾರ ಉಳಿಯುವ ಹಕ್ಕಿಲ್ಲದವರಿಗೆ ಸಾಮಾನ್ಯವಾಗಿ 7ರಿಂದ 30 ದಿನಗಳ ಗಡುವು ಕೊಡಬೇಕು. ಗಡುವಿನೊಳಗೆ ಹೊರಡದವರಿಗೆ ಪ್ರವೇಶ ನಿಷೇಧ ಬೀಳುತ್ತದೆ, ಅದು ಸಾಧಾರಣವಾಗಿ ಐದು ವರ್ಷ ಮೀರುವುದಿಲ್ಲ. ಜರ್ಮನಿಯಲ್ಲಿ ಕೇಂದ್ರ ಮತ್ತು ರಾಜ್ಯ ಸರಕಾರಗಳು ಸೇರಿ ನಡೆಸುವ, 1979ರಲ್ಲಿ ಅಂತಾರಾಷ್ಟ್ರೀಯ ವಲಸೆ ಸಂಸ್ಥೆಯ ಮೂಲಕ ಆರಂಭವಾದ ಯೋಜನೆಯಲ್ಲಿ ಪ್ರಯಾಣದ ವೆಚ್ಚ ಮತ್ತು ವಯಸ್ಕರಿಗೆ 200 ಯೂರೋ ದಾರಿಖರ್ಚು ಇದೆ. ನಿರ್ದಿಷ್ಟ ದೇಶಗಳವರಿಗೆ 1,000 ಯೂರೋ ಆರಂಭಿಕ ನೆರವೂ ಇದೆ. ಕಾರಿತಾಸ್, ಡಿಯಾಕೊನಿ ಮೊದಲಾದ ಸಂಸ್ಥೆಗಳ ಸಲಹಾ ಕೇಂದ್ರಗಳಲ್ಲಿ ಅರ್ಜಿ ಹಾಕಬೇಕು, ಟಿಕೆಟನ್ನು ಮೊದಲೇ ಕೊಂಡುಕೊಂಡು ಆಮೇಲೆ ಹಣ ಕೇಳುವುದು ನಡೆಯುವುದಿಲ್ಲ. ಬ್ರಿಟನ್ನಿಗೂ ಜರ್ಮನಿಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು: ಬ್ರಿಟನ್ನಿನಲ್ಲಿ ಸರಕಾರದ ಹಣ ತೆಗೆದುಕೊಂಡರೆ ನಿಷೇಧದ ವರ್ಷ ಹೆಚ್ಚುತ್ತದೆ, ಜರ್ಮನಿಯಲ್ಲಿ ನಿಷೇಧ ಅಂಟಿಕೊಂಡಿರುವುದು ಮುಖ್ಯವಾಗಿ ಗಡೀಪಾರಿಗೆ, ನೆರವಿಗಲ್ಲ. ಆದರೆ ಮತ್ತೆ ಅಲ್ಲಿ ನೆಲೆಸಲು ಹೋದರೆ ಪಡೆದ ನೆರವನ್ನು ಮರಳಿ ಕೇಳುತ್ತಾರೆ. ವಲಸೆ ಸಂಸ್ಥೆಯ ಮೂಲಕ ಮರಳುವವರು ತಮ್ಮ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಕೊಡಬೇಕು, ವಿಮಾನ ಹತ್ತುವವರೆಗೂ ಅದನ್ನು ಹಿಂದೆಗೆದುಕೊಳ್ಳಬಹುದು.

ಅಮೆರಿಕದ ಮಾತು ಚಿಕ್ಕದಾಗಿ ಹೇಳುವುದಾದರೆ, 2025ರ ಮೇ ತಿಂಗಳಿನಲ್ಲಿ ಅಲ್ಲಿನ ಸರಕಾರವು ತನ್ನ ಗಡಿ ಇಲಾಖೆಯ ಸಿಬಿಪಿ ಹೋಮ್ ಆ್ಯಪ್ ಮೂಲಕ ತಾವಾಗಿ ಹೊರಡುವವರಿಗೆ ಟಿಕೆಟ್ ಮತ್ತು 1,000 ಡಾಲರ್ ಘೋಷಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ 104 ಭಾರತೀಯರನ್ನು ಹೊತ್ತ ಸೇನಾ ವಿಮಾನ ಅಮೃತಸರದಲ್ಲಿ ಇಳಿದ ದೃಶ್ಯ ನೋಡಿದವರಿಗೆ ಈ ಆ್ಯಪ್ ಗೌರವದ ದಾರಿಯೆಂದು ಕಾಣುವುದು ಸಹಜ. ಆದರೆ ಕಾನೂನುಬಾಹಿರವಾಗಿ 180 ದಿನ ಮೀರಿ ಉಳಿದು ಹೊರಟವರಿಗೆ ಮೂರು ವರ್ಷ, ಒಂದು ವರ್ಷ ಮೀರಿದವರಿಗೆ ಹತ್ತು ವರ್ಷ ಎಂಬ ಕಾನೂನಿನ ತಡೆ ಆ್ಯಪಿನಿಂದ ಅಳಿಯುವುದಿಲ್ಲ. ವಲಸೆ ನ್ಯಾಯಾಲಯದಲ್ಲಿ ಪ್ರಕರಣವಿರುವವರು ನ್ಯಾಯಾಲಯಕ್ಕೆ ತಿಳಿಸದೆ ಹೊರಟರೆ ಗೈರುಹಾಜರಿಯಲ್ಲೇ ಹೊರಹಾಕುವ ಆದೇಶ ಬೀಳಬಹುದು. ಮಲೇಷ್ಯಾದಲ್ಲಿ 2024ರ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ನಡೆದ ಮರಳುವಿಕೆ ಯೋಜನೆಯಲ್ಲಿ ಅವಧಿ ಮೀರಿದವರು 500 ರಿಂಗಿಟ್ ದಂಡ ಕಟ್ಟಿ ನ್ಯಾಯಾಲಯದ ಮುಖ ನೋಡದೆ ಹೊರಡಬಹುದಿತ್ತು. 2025ರ ಮೇ ತಿಂಗಳಿನಲ್ಲಿ ಅದೇ ಬಗೆಯ ಇನ್ನೊಂದು ಯೋಜನೆ ಆರಂಭವಾಯಿತು.

ಊರಿಗೆ ಬಂದ ಮೇಲೆ ಸಿಗುವುದಕ್ಕೆ ಅಲ್ಲಿಂದಲೇ ತರಬೇಕಾದ ಕಾಗದ

ಕಾಸರಗೋಡಿನವರು ಕೇರಳ ಸರಕಾರದ ನೋರ್ಕಾ ಇಲಾಖೆಯ (ಅನಿವಾಸಿ ಕೇರಳೀಯರ ವ್ಯವಹಾರಗಳ ಇಲಾಖೆ) ವ್ಯಾಪ್ತಿಗೆ ಸೇರುತ್ತಾರೆ, ಮಂಗಳೂರಿನ ಸಂಬಂಧಿಕರಿಗೆ ಇಲ್ಲದ ಅನುಕೂಲವಿದು. 1996ರಲ್ಲಿ ಸ್ಥಾಪನೆಯಾದ ಈ ಇಲಾಖೆ, ಅದರ ನೋರ್ಕಾ ರೂಟ್ಸ್ ಸಂಸ್ಥೆ, 2008ರ ಕಾಯಿದೆಯ ಪ್ರಕಾರ ರೂಪುಗೊಂಡ ಪ್ರವಾಸಿ (ಅಂದರೆ ಅನಿವಾಸಿ ಕೇರಳೀಯರ) ಕಲ್ಯಾಣ ಮಂಡಳಿ, ಇವು ಮೂರೂ ಮರಳಿದವರಿಗಾಗಿ ಬೇರೆ ಬೇರೆ ನೆರವನ್ನು ಇಟ್ಟುಕೊಂಡಿವೆ. ಸ್ವಂತ ಉದ್ಯಮ ಮಾಡುವವರಿಗೆ ನೋರ್ಕಾದ ಎನ್‌ಡಿಪಿಆರ್‌ಇಎಂ (ಮರಳಿದ ವಲಸಿಗರ ನೆರವು) ಯೋಜನೆಯಲ್ಲಿ 30 ಲಕ್ಷ ರೂಪಾಯಿವರೆಗಿನ ಯೋಜನಾ ವೆಚ್ಚಕ್ಕೆ ಬ್ಯಾಂಕ್ ಸಾಲ, ಅದರ ಮೇಲೆ 15 ಶೇಕಡಾ ಬಂಡವಾಳ ಸಬ್ಸಿಡಿ ಮತ್ತು ಬಡ್ಡಿಯಲ್ಲಿ ರಿಯಾಯಿತಿ ಇದೆ. ವಾರ್ಷಿಕ ಆದಾಯ ಒಂದೂವರೆ ಲಕ್ಷ ಮೀರದವರಿಗೆ ‘ಸಾಂತ್ವನ’ ಯೋಜನೆಯಲ್ಲಿ ಚಿಕಿತ್ಸೆಗೆ 50,000 ರೂಪಾಯಿವರೆಗೆ ಸಿಗುತ್ತದೆ.

ಇವೆರಡಕ್ಕೂ ವಿದೇಶದಲ್ಲಿ ಕನಿಷ್ಠ ಎರಡು ವರ್ಷ ದುಡಿದ ಪುರಾವೆ ಬೇಕು, ಔಟ್‌ಪಾಸಿನಲ್ಲಿ ಬಂದವರು ಎಡವುವುದು ಇಲ್ಲೇ. ಪಾಸ್‌ಪೋರ್ಟ್ ಅಲ್ಲಿ ಕಫೀಲನ ಕಪಾಟಿನಲ್ಲಿ ಉಳಿದಿರುತ್ತದೆ, ಔಟ್‌ಪಾಸನ್ನು ಇಳಿದ ನಿಲ್ದಾಣದಲ್ಲೇ ತೆಗೆದುಕೊಂಡಿರುತ್ತಾರೆ, ಸರಕಾರಿ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬುವ ಹುಡುಗಿ ವೀಸಾ ಪುಟ ಕೇಳಿದಾಗ ಹತ್ತು ವರ್ಷ ದುಡಿದವರ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಪಾಸ್‌ಪೋರ್ಟಿನ ಪ್ರತಿ, ವೀಸಾ ಪುಟ, ಯುಎಇಯ ಎಮಿರೇಟ್ಸ್ ಐಡಿ ಅಥವಾ ಸೌದಿಯ ವಾಸದ ಕಾರ್ಡಾದ ಇಕಾಮಾದ ಎರಡೂ ಬದಿ, ಕೆಲಸದ ಒಪ್ಪಂದ, ಸಂಬಳ ಬಂದ ಬ್ಯಾಂಕಿನ ಪುಟ, ಔಟ್‌ಪಾಸ್, ವಿಮಾನದ ಬೋರ್ಡಿಂಗ್ ಪಾಸ್ ಇವುಗಳ ಫೋಟೋ ತೆಗೆದು ಹೊರಡುವ ಮೊದಲೇ ಮನೆಯವರ ಫೋನಿಗೆ ಕಳುಹಿಸಬೇಕು. ಕಲ್ಯಾಣ ಮಂಡಳಿಯ ಸದಸ್ಯತ್ವಕ್ಕೆ 60 ವರ್ಷ ದಾಟಿರಬಾರದು ಎಂಬ ಮಿತಿ ಇರುವುದರಿಂದ, 58-59ರ ಹೊಸ್ತಿಲಲ್ಲಿರುವವರು ಕ್ಷಮಾದಾನಕ್ಕೆ ಕಾಯುತ್ತಾ ಕುಳಿತು ಪಿಂಚಣಿಯ ಅವಕಾಶವನ್ನೇ ಕಳೆದುಕೊಳ್ಳುವ ಸಂಭವವಿದೆ. ಅವರ ಮಟ್ಟಿಗೆ ಬೇಗ ಬರುವುದೇ ಲಾಭ.

ಆದಾಯದ ಸರ್ಟಿಫಿಕೇಟಿಗೆ ವಿಲೇಜ್ ಆಫೀಸಿಗೆ ಹೋಗಬೇಕು, ಮಲಯಾಳ ಬರೆಯಲು ಬಾರದವರು ಅಲ್ಲಿ ಹಿಂಜರಿಯಬೇಕಾಗಿಲ್ಲ. ಕೇರಳದ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕಿದೆ. ಮನವಿಯನ್ನು ಕನ್ನಡದಲ್ಲಿ ಬರೆದು, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಅದರ ಕೆಳಗೆ ಸೇರಿಸಿ, ಸ್ವೀಕೃತಿಯ ರಶೀದಿ ಪಡೆದುಕೊಳ್ಳಬೇಕು. ಮನೆಹೆಸರು ಒಂದು ಕಾಗದದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದು ಅರ್ಜಿ ಮರಳಿ ಬರುವುದನ್ನು ಇದು ತಪ್ಪಿಸುತ್ತದೆ.